ಬಿದ್ದ ಕಲ್ಲಿಗೆ ವಿಳಾಸ ಬರೆಸುವ ಬಸ್ಸೂ

ಆಕಾಶದಿಂದ ಉದುರಿದ ಕಲ್ಲುಗಳನ್ನು ಆಯ್ದು ಬದುಕುವ ಬಸ್ಸೂ ತಲೆಯೆತ್ತಿ ಆಕಾಶ ನೋಡಿದ್ದನ್ನು ಈ ಇಪ್ಪತ್ತಾರು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಕತ್ತು ಬಾಗಿಸಿ ಎರಡು ಹೆಜ್ಜೆ ಮುಂದಿನ ನೆಲವನ್ನೇ ಓದುತ್ತ ನಡೆಯುವುದು ಮರುಭೂಮಿಯಲ್ಲಿ ಅವನಿಗೆ ಅಂಟಿಕೊಂಡ ನಡಿಗೆ. ಆದರೆ ನಮ್ಮೂರು ಎರ್ಫೂದಿನ ಡಾಂಬರು ಬೀದಿಯಲ್ಲಿಯೂ ಅವನು ಹಾಗೆಯೇ ನಡೆದು, ಖರ್ಜೂರದ ಗಾಡಿಗೆ, ಸೈಕಲ್ಲಿಗೆ, ಒಮ್ಮೆ ಮಸೀದಿಯ ಇಮಾಮರಿಗೇ ಡಿಕ್ಕಿ ಹೊಡೆದು, ಕ್ಷಮೆಯನ್ನೂ ನೆಲಕ್ಕೇ ಹೇಳಿ ಮುಂದೆ ಸಾಗುತ್ತಾನೆ. ಸುಡುಬೇಸಗೆಯಲ್ಲಿಯೂ ಮೈಮೇಲೆ ಯಾವುದೋ ಸೈನಿಕನ ಹಳೆಯ ಉಣ್ಣೆಯ ಕೋಟು. ಅದಕ್ಕೆ ಅವನ ಹೆಂಡತಿ ತೂದಾ ಹೊಲಿದುಕೊಟ್ಟ ಹನ್ನೊಂದು ಜೇಬುಗಳು. ಎಡಗಡೆಯವು ಕಲ್ಲಿಗೆ, ಬಲಗಡೆಯವು ಕಾಗದಕ್ಕೆ.

ಆ ಕಾಗದಗಳೇ ನನ್ನ ಪ್ರಾರಬ್ಧ. ನಾನು ಊರಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವನು; ಬಸ್ಸೂಗೆ ಅಕ್ಷರ ಬಾರದು. ಉಲ್ಕಾಶಿಲೆ ಹುಡುಕುವ ನಮ್ಮ ಕಡೆಯ ಮಂದಿ ಕಲ್ಲು ಸಿಕ್ಕ ಜಾಗವನ್ನು ಹೆಂಡತಿಗೂ ಸರಿಯಾಗಿ ಹೇಳುವುದಿಲ್ಲ, ಕೊಳ್ಳುವವರು ಹತ್ತು ಕಡೆಯ ಕಲ್ಲುಗಳನ್ನು ಒಂದೇ ಚೀಲಕ್ಕೆ ಸುರಿಯುತ್ತಾರೆ. ಬಸ್ಸೂ ಮಾತ್ರ ಬಟಾಣಿ ಗಾತ್ರದ ಚೂರಿಗೂ ನನ್ನಿಂದ ಒಂದು ಪುಟ ಬರೆಸುತ್ತಾನೆ: ಯಾವ ಬಾವಿಯಿಂದ ಎಷ್ಟು ಹೊತ್ತಿನ ನಡಿಗೆ, ಎಷ್ಟು ಬೆರಳು ಮರಳಿನಲ್ಲಿ ಹೂತಿತ್ತು, ಯಾವ ಮಗ್ಗುಲು ಮೇಲಿತ್ತು, ಅಂದಿನ ಗಾಳಿ ಯಾವ ಕಡೆಯದು. ಮುಗಿಯಿತೆಂದು ನಾನು ಲೇಖನಿಯ ಮುಚ್ಚಳ ಹಾಕುವಾಗ, ತಪ್ಪದೆ, "ಇನ್ನೊಂದು ಸಾಲಿದೆ ಮೇಷ್ಟ್ರೇ" ಎನ್ನುತ್ತಾನೆ. ಹಬ್ಬದ ದಿನ ಕುರಿ ಕೊಯ್ದ ಕೈಯನ್ನು ತೊಳೆಯುವ ಮೊದಲೇ ಬಂದು ಕೂತು ಬರೆಸಿದವನು ಅವನು.

ಕೆಲವು ವರ್ಷಗಳ ಹಿಂದೆ, ಒಂದು ಬೇಸಗೆಯಲ್ಲಿ ಎರಡು ಸುದ್ದಿಗಳು ಒಟ್ಟಿಗೇ ಬಂದವು. ಮೊದಲನೆಯದು ರೇಡಿಯೋದಲ್ಲಿ: ಆಕಾಶದಲ್ಲಿ ಅಲೆಯುವ ಕ್ಷುದ್ರಗ್ರಹಗಳಿಗೇ ಯಂತ್ರ ಕಳಿಸಿ ಗಣಿ ತೋಡಲು ಕಂಪನಿಗಳು ಹೊರಟಿವೆಯಂತೆ. ಅಲ್ಲಿಂದ ಕಲ್ಲು ರಾಶಿರಾಶಿಯಾಗಿ ಬರುವುದಾದರೆ ನಮ್ಮ ಚೂರುಗಳನ್ನು ಯಾರು ಕೊಂಡಾರು? ಊರಿನ ಕಲ್ಲಿನ ಅಂಗಡಿಯವರು ಬಿಸಿ ಹೆಂಚಿನ ಮೇಲೆ ಕೂತಂತಾದರು. ಇದ್ದಬದ್ದದ್ದನ್ನೆಲ್ಲ ಮಾರಿ ಕೈತೊಳೆದುಕೊಳ್ಳುವ ಆತುರ. ಎರಡನೆಯದು ಬಸ್ಸೂನ ಮನೆಗೆ: ಹಜ್ ಯಾತ್ರೆಯ ಚೀಟಿಯಲ್ಲಿ, ಹನ್ನೊಂದು ವರ್ಷ ಕಾದ ಮೇಲೆ, ಗಂಡಹೆಂಡಿರ ಹೆಸರು ಎದ್ದಿತ್ತು. ಗಡುವಿನೊಳಗೆ ಹಣ ಕಟ್ಟಬೇಕು, ಇಲ್ಲವಾದರೆ ಆ ಸರದಿ ಬೇರೆಯವರ ಪಾಲು.

ಹಣಕ್ಕೆ ದಾರಿ ಮನೆಯಲ್ಲೇ ಇತ್ತು. ಹಿಂದಿನ ಚಳಿಗಾಲದಲ್ಲಿ ಬಸ್ಸೂ ಕಲ್ಲುಬಯಲಿನ ನಾಲ್ಕನೆಯ ದಿನದ ನಡಿಗೆಯಲ್ಲಿ ಹೊತ್ತು ತಂದ, ಕುರಿಯ ತಲೆಯಷ್ಟು ದೊಡ್ಡ, ಹೊರಗೆ ಇದ್ದಿಲಿನಂತೆ ಕಪ್ಪಾಗಿ ಒಡೆದ ಅಂಚಿನಲ್ಲಿ ತಿಳಿಹಸಿರು ಮಿನುಗುವ ಒಂದು ಕಲ್ಲು. ಅದನ್ನು ನೋಡಲು ಕಲ್ಲಿನ ವ್ಯಾಪಾರಿ ಅಲ್ಲಾಲ್ ಒಬ್ಬ ಪರದೇಶಿ ಗಿರಾಕಿಯನ್ನು ಕರೆತಂದ. ಗಿರಾಕಿ ಹೇಳಿದ ಬೆಲೆಯಲ್ಲಿ ಇಬ್ಬರೂ ಮಕ್ಕಾಕ್ಕೆ ಹೋಗಿ ಬಂದು, ಮನೆಗೆ ಹೊಸ ಚಾವಣಿಯನ್ನೂ ಹಾಕಿಸಬಹುದಿತ್ತು. ಬಸ್ಸೂ ಕಾಗದವನ್ನು ಮುಂದಿಟ್ಟ. ಗಿರಾಕಿ ಅದನ್ನು ನಗುತ್ತ ಬದಿಗೆ ಸರಿಸಿದ. ಕಲ್ಲನ್ನು ತೆಳ್ಳಗೆ ಕೊಯ್ಸಿ ಕೈಗಡಿಯಾರಗಳ ಮುಖಕ್ಕೆ ಕೂರಿಸುವುದು ಅವನ ಉದ್ದೇಶ, ಅದಕ್ಕೆ ಕಾಗದವೇಕೆ?

"ಹಾಗಾದ್ರೆ ಕಲ್ಲೂ ಇಲ್ಲ," ಅಂದ ಬಸ್ಸೂ.

"ಬಸ್ಸೂ ಮಾವ, ನಾಳೆ ಮೇಲಿಂದ ಟನ್ನುಗಟ್ಟಲೆ ತಂದು ಸುರೀತಾರೆ," ಅಂದ ಅಲ್ಲಾಲ್. "ಆಮೇಲೆ ನಿಮ್ಮ ಕಲ್ಲನ್ನ ಬಾಗಿಲಿಗೆ ಒತ್ತು ಇಡೋಕೂ ಯಾರೂ ಕೇಳಲ್ಲ."

"ತರ್ಲಿ ತಮ್ಮಾ. ಗೊತ್ತಿರೋ ಗುಡ್ಡಕ್ಕೆ ಹೋಗಿ ಗೊತ್ತಿರೋ ಕಲ್ಲು ತರ್ತಾರೆ. ಇದು ಯಾವ ಗುಡ್ಡದ್ದು, ನಿಂಗೊತ್ತಾ?"

"ನಂಗ್ಯಾಕೆ ಗೊತ್ತಿರಬೇಕು?"

"ಯಾರಿಗೂ ಗೊತ್ತಿಲ್ಲ. ಲಾರಿಗಟ್ಟಲೆ ಬಂದ್ಮೇಲೆ ಸಂತೇಲಿ ಎಲ್ಲಾ ಕಲ್ಲೂ ಒಂದೇ ಥರ ಕಾಣುತ್ತೆ. ಯಾರೂ ಕರೀದೆ ತಾನಾಗೇ ನಮ್ಮ ನೆಲಕ್ಕೆ ಬಂದದ್ದು ಇದು ಅಂತ ಆಗ ಹೇಳೋರು ಯಾರು? ನೀನೂ ಇರಲ್ಲ, ನಾನೂ ಇರಲ್ಲ. ಈ ಕಾಗದವೇ ಹೇಳ್ಬೇಕು."

ನನಗೆ ತಡೆಯಲಾಗಲಿಲ್ಲ. "ಅದನ್ನ ಬರೆದವನು ನಾನು ಬಸ್ಸೂ. ನಾನೇ ಹೇಳ್ತಿದ್ದೀನಿ, ಹರಿದು ಹಾಕು," ಎಂದೆ.

"ಬರೆದವರು ನೀವು ಮೇಷ್ಟ್ರೇ. ನಡೆದವನು ನಾನು."

ಗಿರಾಕಿ ಹೊರಟುಹೋದ. ಅಂದಿನಿಂದ ತೂದಾ ಗಂಡನೊಡನೆ ಮಾತು ಬಿಟ್ಟಳು; ಇಬ್ಬರ ನಡುವೆ ಕೂತು ಮಾತು ದಾಟಿಸುವ ಕೆಲಸವೂ ನನ್ನ ತಲೆಗೇ ಬಂತು. ಎದುರಿಗೇ ಕೂತ ಗಂಡನನ್ನು ಬಿಟ್ಟು ನನ್ನತ್ತ ತಿರುಗಿ, "ನಿಮ್ಮ ಸ್ನೇಹಿತರಿಗೆ ಹೇಳಿ, ಚಹಾ ಆರ್ತಾ ಇದೆ" ಎನ್ನುವಳು. ಒಂದು ದಿನ ಮಾತ್ರ ಲೋಟವನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದಳು: "ಇವರಿಗೆ ನೂರು ವರ್ಷ ಆಚೆಯೋರ ಚಿಂತೆ. ನನಗೂ ಒಂದು ಕಾಗದ ಬರೆದುಕೊಡಿ ಮೇಷ್ಟ್ರೇ. ನಾನೆಲ್ಲಿ ಸಿಕ್ಕಿದೆ, ಯಾವ ಕಡೆ ಮುಖ ಮಾಡಿ ನಿಂತಿದ್ದೆ ಅಂತ. ಆಗಲಾದ್ರೂ ಕಣ್ಣಿಗೆ ಬೀಳ್ತೀನೇನೋ."

ಮರುದಿನ ಬಸ್ಸೂ ತನ್ನ ಮೋಟಾರುಬೈಕನ್ನು ಮಾರಿದ. ಆಮೇಲೆ ಇಪ್ಪತ್ತು ವರ್ಷ ಕೂಡಿಟ್ಟ ಚಿಕ್ಕ ಕಲ್ಲುಗಳನ್ನೆಲ್ಲ ಅಲ್ಲಾಲನ ಅಂಗಡಿಗೆ ಹೊತ್ತುಕೊಂಡು ಹೋದ. ಅಲ್ಲಾಲ್ ಅವನ್ನು ಅರ್ಧ ಬೆಲೆಗೆ ಕೊಂಡು, ನಮ್ಮ ಕಣ್ಣೆದುರೇ ಒಂದು ಚೀಲಕ್ಕೆ ಸುರಿದು, ಕಾಗದಗಳ ಕಟ್ಟನ್ನು ಹಿಂದಕ್ಕೆ ತಳ್ಳಿದ. ಬಸ್ಸೂ ಅದನ್ನು ಕೋಟಿನ ಬಲಗಡೆಯ ಜೇಬುಗಳಲ್ಲಿ ತುಂಬಿಕೊಂಡ. ಕಲ್ಲೇ ಇಲ್ಲದ ಆ ಕಾಗದಗಳನ್ನು ಎಸೆಯಲು ನಾನು ಎಷ್ಟು ಬಾರಿ ಹೇಳಿದ್ದೇನೋ. ಅವು ಈಗಲೂ ಅವನ ಮನೆಯ ತಗಡಿನ ಪೆಟ್ಟಿಗೆಯಲ್ಲಿವೆ.

ಕೂಡಿದ ಹಣ ಒಬ್ಬರ ಯಾತ್ರೆಗೆ ಸಾಕಾಯಿತು. ತೂದಾ ಊರಿನ ಹೆಂಗಸರ ಗುಂಪಿನೊಡನೆ ಹೊರಟಳು. ವಾಹನ ಹತ್ತುವಾಗ ಗಂಡನ ಕೋಟಿನ ಕೊನೆಯ ಗುಂಡಿ ಹಾಕಿ, "ಬಾಗಿಲು ತೆರೆದಿಟ್ಟು ಹೋಗಬೇಡಿ" ಅಂದಳು. ಎರಡು ತಿಂಗಳಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದು. ಬಸ್ಸೂ ತನ್ನ ಸರದಿಯನ್ನು ಬಿಟ್ಟುಕೊಟ್ಟ ಬಗ್ಗೆ ಯಾರ ಬಳಿಯೂ ಒಂದಕ್ಷರ ಆಡಲಿಲ್ಲ.

ಅವಳು ಮರಳುವ ಮುನ್ನ ಕರಾವಳಿಯ ವಿಶ್ವವಿದ್ಯಾಲಯದಿಂದ ಶಿಲಾಶಾಸ್ತ್ರದ ಅಧ್ಯಾಪಕಿಯೊಬ್ಬರು ಸುದ್ದಿ ಕೇಳಿ ಬಂದು ಆ ದೊಡ್ಡ ಕಲ್ಲಿನಿಂದ ಉಗುರಿನಷ್ಟು ಚೂರನ್ನೂ ಅದರ ಕಾಗದದ ನಕಲನ್ನೂ ಒಯ್ದರು. ಒಂಬತ್ತು ತಿಂಗಳ ನಂತರ ಅವರ ಪತ್ರ ಬಂತು. ಈವರೆಗೆ ಹೆಸರಿಟ್ಟ ಯಾವ ಗುಂಪಿಗೂ ಅದು ಸೇರುವುದಿಲ್ಲವಂತೆ. ಅದು ಒಡೆದು ಬಂದ ಆಕಾಶದ ತಾಯಿಬಂಡೆ ಎಲ್ಲಿದೆಯೋ, ಇದೆಯೋ ಇಲ್ಲವೋ, ತಿಳಿದಿಲ್ಲವಂತೆ. ಅವರ ವಿದ್ಯಾರ್ಥಿಗಳು ನಾನು ಬೈದುಕೊಂಡು ಬರೆದ ಪುಟವನ್ನು ಹಿಡಿದು, ಅದೇ ಬಾವಿಯಿಂದ ಅದೇ ದಿಕ್ಕಿಗೆ ನಡೆದು, ಅದೇ ಜಾತಿಯ ಇನ್ನೂ ನಾಲ್ಕು ತುಂಡುಗಳನ್ನು ಹುಡುಕಿ ತೆಗೆದಿದ್ದರು. ಓದಿ ಮುಗಿಸಿದಾಗ ಬಸ್ಸೂ ಹಿಗ್ಗಲಿಲ್ಲ. "ಮತ್ತೇನು," ಅಂದ, ಅಷ್ಟೇ.

ಕಲ್ಲನ್ನು ಕೊಯ್ಯದೆ ಇಡುತ್ತೇವೆಂಬ ಮಾತಿನ ಮೇಲೆ, ಗಿರಾಕಿ ಹೇಳಿದ ಬೆಲೆಯ ಹತ್ತನೆಯ ಒಂದು ಪಾಲಿಗೆ, ಅದನ್ನು ಆ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಕೊಟ್ಟ. ಮತ್ತೆ, ಅದನ್ನು ಹೇಗೆ ಇಟ್ಟಿದ್ದಾರೆಂದು ನೋಡಲು ಹನ್ನೆರಡು ಗಂಟೆಯ ಪ್ರಯಾಣಕ್ಕೆ ನನ್ನನ್ನೂ ಎಳೆದ. ಗಾಜಿನ ಕೆಳಗಿನ ಚೀಟಿಯನ್ನು ನಾನು ಓದಿ ಹೇಳಿದೆ. ಬಾವಿಯ ದಕ್ಷಿಣಕ್ಕೆ ಎಂದಿತ್ತು. "ಪಡುವಣಕ್ಕೆ," ಅಂದ ಬಸ್ಸೂ, ಅಲ್ಲೇ ನೆಲದ ಮೇಲೆ ಕೂತು, ಚೀಟಿ ಬದಲಾಗುವ ತನಕ ಏಳಲಿಲ್ಲ. ನಾನು ಕಿಟಕಿಯಾಚೆ ನೋಡುತ್ತ ಭೂಮಿ ಬಾಯಿಬಿಡಬಾರದೇ ಎಂದು ನಿಂತಿದ್ದೆ.

ಆಕಾಶದ ಗಣಿಗಳಿಂದ ಇನ್ನೂ ಒಂದು ಲಾರಿಯೂ ಬಂದಿಲ್ಲ. ಬಂದ ದಿನ ನಮ್ಮ ಕಲ್ಲುಗಳ ಬೆಲೆ ಏರುವುದೋ ಮಣ್ಣುಪಾಲಾಗುವುದೋ ಹೇಳಬಲ್ಲವರಿಲ್ಲ. ಇಂಥವರ ಸಹವಾಸದ ಕಷ್ಟವೇ ಅದು. ಇನ್ನೂ ಹುಟ್ಟದವರಿಗೆ ಯಾರೂ ಕೇಳದೆಯೇ ಮಾತು ಕೊಟ್ಟುಬಿಡುತ್ತಾರೆ, ಅದನ್ನು ನಡೆಸಲು ಮಗ್ಗುಲಲ್ಲಿರುವವರ ಆಯುಷ್ಯವನ್ನು ಧಾರಾಳವಾಗಿ ವ್ಯಯಿಸುತ್ತಾರೆ. ಅವರು ಸರಿಯೆಂದು ಲೋಕಕ್ಕೆ ತಿಳಿಯುವ ಹೊತ್ತಿಗೆ ಒಪ್ಪಿಕೊಳ್ಳಲು ನಾವಿರುವುದಿಲ್ಲ. ತಪ್ಪೆಂದು ತಿಳಿದರೆ ಬೈಸಿಕೊಳ್ಳಲು ಅವರಿರುವುದಿಲ್ಲ. ಮುಂದಿನವರು ಅವರನ್ನು ನೆನೆದಾರು, ಹೊಗಳಿಯೂ ಹೊಗಳಿಯಾರು. ಇಂಥವರೊಡನೆ ದಿನ ದೂಡಬೇಕಾಗಿರಲಿಲ್ಲವಲ್ಲ ಅವರಿಗೆ.