ಕುಳ್ಳಿ ಮೇರಿ ಕಾಣೆಯಾದಾಗ

ಹವಳದ ದಿಬ್ಬ ನೋಡಿಕೊಂಡು ಬಂದ ಕೆನಡಾದ ಹೆಂಗಸು ಒದ್ದೆ ಕೂದಲು ಹಿಂಡುತ್ತ, "ನಿಮ್ಮ ಫಿರಂಗಿ ಕಾಣಲೇ ಇಲ್ಲವಲ್ಲ" ಎಂದಾಗ, ಮನೆಯಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವ ಎಥ್ಲಿನ್ ನಕ್ಕುಬಿಟ್ಟಳು. ಮೊದಲ ಸಲ ಕಡಲಿಗಿಳಿದವರು ನೀರೊಳಗೆ ಕಣ್ಣು ಬಿಡುವುದಕ್ಕೇ ಒದ್ದಾಡುತ್ತಾರೆ, ಇನ್ನು ಫಿರಂಗಿ ಎಲ್ಲಿ ಕಂಡೀತು? ಆದರೆ ಹೆಂಗಸಿನ ಹಿಂದೆಯೇ ಬಂದ ಯುರ್ಗನ್ ನಗಲಿಲ್ಲ. ಅವನು ಜರ್ಮನಿಯವನು. ಮುಳುಗುವವರಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡು ಕೆಲವು ವರ್ಷಗಳಿಂದ ಊರಿನಲ್ಲೇ ನಿಂತಿದ್ದ.

"ಮಿಸ್ ಎಥ್ಲಿನ್, ಅದು ಅಲ್ಲಿಲ್ಲ. ಮಲಗಿದ್ದ ಜಾಗದಲ್ಲಿ ಬರೀ ಗುಂಡಿ ಇದೆ."

ಎಥ್ಲಿನ್ ತೆಂಗಿನಕಾಯಿ ತುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

ಮನಾಟಿ ಪಾಯಿಂಟ್ ಎಂಬ ಈ ಊರಿಗೆ ಸರ್ಕಾರದ ಹಲಗೆಯ ಮೇಲೆ ಸ್ಪ್ಯಾನಿಷಿನಲ್ಲಿ ಬೇರೆ ಹೆಸರಿದೆ. ಊರಿನವರ ಬಾಯಲ್ಲಿ ಅದು ಯಾವತ್ತೂ ಬಂದಿಲ್ಲ. ಪನಾಮಾದ ಕಡೆಯಿಂದ ದೋಣಿಯಲ್ಲಿ ಬಂದು ಆಮೆ ಹಿಡಿಯುತ್ತಿದ್ದವರು ಇಲ್ಲಿ ಗುಡಿಸಲು ಹಾಕಿ ತೆಂಗು ನೆಟ್ಟರು. ಅವರ ಮಕ್ಕಳು ಕೋಕೋ ಬೆಳೆದರು. ಕಾಯಿಗೆ ಬಿಳಿ ಬೂಷ್ಟು ಹಿಡಿದು ತೋಟಗಳೆಲ್ಲ ಕೊಳೆತ ಮೇಲೆ ಮೊಮ್ಮಕ್ಕಳಿಗೆ ಉಳಿದದ್ದು ಕಡಲು, ಕಾಡಿನಲ್ಲಿ ಕೂಗುವ ಮಂಗಗಳು, ಅವನ್ನು ನೋಡಲು ಬರುವ ಪ್ರವಾಸಿಗರು. ಆ ಕಡಲೊಳಗೆ ಯಾವುದೋ ಕಾಲದಲ್ಲಿ ಒಡೆದುಹೋದ ಹಡಗಿನ ಅವಶೇಷಗಳಿದ್ದವು. ಸಿಗಡಿ ಹಿಡಿಯಲು ಮುಳುಗಿದ್ದ ಎಥ್ಲಿನ್‌ಳ ಗಂಡ ಹೆಡ್ಲಿ ಒಂದು ದಿನ ಅಲ್ಲಿ ತೋಳುದ್ದದ ಕಂಚಿನ ಫಿರಂಗಿಯೊಂದನ್ನು ಕಂಡ. ಗಿಡ್ಡಗೆ, ದಪ್ಪಗೆ ಇದ್ದುದಕ್ಕೆ ಊರಿನವರು ಅದಕ್ಕೆ ಕುಳ್ಳಿ ಮೇರಿ ಎಂದು ಹೆಸರಿಟ್ಟರು.

"ಶತ್ರುಗಳಿಗೆ ಅಂತ ಮಾಡಿದ್ದಲ್ಲ ಇದು" ಎಂದು ಹೆಡ್ಲಿ ಹೇಳುತ್ತಿದ್ದ. "ಇದರ ಬಾಯಿ ಹಡಗಿನ ಒಳಗಡೆಗೇ ಇರ್ತಿತ್ತು. ಸರಪಳಿ ಹಾಕಿ ಗುಲಾಮರನ್ನ ತಂದ್ರಲ್ಲ, ನಮ್ಮಂಥೋರನ್ನ, ಅವರ ಕಡೆಗೆ."

ಅದೇ ಹಡಗಿನ ಗಂಟೆಯೊಂದನ್ನೂ ಅವನು ಮೇಲೆ ತಂದಿದ್ದ. ರಾಜಧಾನಿಯಿಂದ ಬಂದ ಇಬ್ಬರು ದೊಡ್ಡ ಮನುಷ್ಯರು, ತೊಳೆಸಿ ವಾಪಸು ತರುತ್ತೇವೆಂದು ಕೊಂಡುಹೋದರು. ಗಂಟೆಯೂ ಬರಲಿಲ್ಲ, ಅವರೂ ಬರಲಿಲ್ಲ. ಹೆಡ್ಲಿ ಕಾಯುತ್ತಲೇ ತೀರಿಕೊಂಡ. ಫಿರಂಗಿಯನ್ನು ಮಾತ್ರ ಯಾರೂ ಮುಟ್ಟಕೂಡದು, ನೀರಲ್ಲೇ ಇರಲಿ ಎಂದು ಊರು ತೀರ್ಮಾನಿಸಿತ್ತು.

ಸಂಜೆಯ ಹೊತ್ತಿಗೆ ಸುದ್ದಿ ಎಲ್ಲ ಮನೆಗೂ ಮುಟ್ಟಿತ್ತು. ಪಕ್ಕದ ಮನೆಯ ಡ್ರುಸಿಲಾ ಬೇಲಿಯ ಮೇಲೆ ಎರಡೂ ಮೊಣಕೈ ಊರಿ ತೀರ್ಪು ಕೊಟ್ಟೇಬಿಟ್ಟಳು.

"ಆ ಜರ್ಮನಿಯೋನೇ ಕಣೆ. ಮುಳುಗೋಕೆ ಗಾಳಿ ಸಿಲಿಂಡರ್ ಯಾರ ಹತ್ರ ಇದೆ? ಅವನ ಹತ್ರ. ದಿನಾ ಕೆಳಗೆ ಹೋಗೋರ್ಯಾರು? ಅವನು. ಕದ್ದೋನೇ ಬಂದು ಕಾಣೆಯಾಗಿದೆ ಅಂತ ಹೇಳೋದು, ಗೊತ್ತಿಲ್ವಾ ನಿಂಗೆ?"

ಮರುದಿನ ಯುರ್ಗನ್‌ನ ಅಂಗಡಿಯ ಹಲಗೆಗೆ ಯಾರೋ ಸಗಣಿ ಬಳಿದಿದ್ದರು. ಎಥ್ಲಿನ್ ತನ್ನ ಮನೆಯ ಅತಿಥಿಗಳನ್ನು ಅವನ ಬಳಿ ಕಳಿಸುವುದನ್ನು ನಿಲ್ಲಿಸಿದಳು. ಆದರೆ ಅವಳ ಮನಸ್ಸು ಒಳಗೊಳಗೇ ಕೊರೆಯುತ್ತಿದ್ದುದು ಬೇರೊಬ್ಬನ ಬಗ್ಗೆ. ಹೆಡ್ಲಿಯ ತಮ್ಮ ಸೆಲ್ವಿನ್.

ಅತಿಥಿಗಳನ್ನು ಕಡಲಿಗೆ ಕರೆದೊಯ್ಯುವವನು ಅವನೇ. ಅತಿಥಿಗಳು ಅವಳ ಕಡೆಯಿಂದ, ದೋಣಿ ಅವನದು. ಹೆಡ್ಲಿ ಹೋದ ಮೇಲೂ ಈ ಜೋಡಣೆ ತಪ್ಪದೆ ನಡೆದಿತ್ತು. ಈಚೆಗೆ ಮಾತ್ರ ಯಾರು ಫಿರಂಗಿಯ ಕಡೆ ಹೋಗೋಣವೆಂದರೂ ಸೆಲ್ವಿನ್ "ನೀರು ರಾಡಿ" ಎಂದು ದೋಣಿಯನ್ನು ಬೇರೆ ಕಡೆ ತಿರುಗಿಸುತ್ತಿದ್ದ. ಸೆಪ್ಟೆಂಬರಿನಲ್ಲಿ ಆ ಕರಾವಳಿಯ ಕಡಲು ಕನ್ನಡಿಯಂತಿರುತ್ತದೆ. ರಾಡಿ ಎಲ್ಲಿಂದ ಬರಬೇಕು? ಅದಕ್ಕೇ ಕೆನಡಾದವಳು ಯುರ್ಗನ್ ಜೊತೆ ಹೋಗಿದ್ದಳು. ಸೆಲ್ವಿನ್‌ನ ಹಿತ್ತಲಲ್ಲಿ ಮಳೆನೀರು ಹಿಡಿಯುತ್ತಿದ್ದ ನೀಲಿ ಪೀಪಾಯಿಗಳೂ ಕಾಣುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಹಾಡಿನ ಪುಸ್ತಕ ಹಿಡಿದಿದ್ದ ಸೆಲ್ವಿನ್‌ನ ಅಂಗೈ ನೋಡಿದಳು. ಹಗ್ಗ ಉಜ್ಜಿ ಚರ್ಮ ಕಿತ್ತಿತ್ತು.

"ಕೈಗೇನಾಯ್ತೋ?"

"ಲಂಗರು ಎಳೀವಾಗ ಜಾರ್ತು, ಅತ್ತಿಗೆ."

"ಮೂವತ್ತು ವರ್ಷದಿಂದ ಲಂಗರು ಎಳೀತಿದ್ದೀಯ. ಈಗ ಜಾರ್ತಾ?"

"ವಯಸ್ಸಾಯ್ತಲ್ಲ" ಎಂದು ಅವನು ಪುಸ್ತಕದೊಳಗೆ ಮುಖ ಹುದುಗಿಸಿದ. ಆ ಹಾಡು ಅವನಿಗೆ ಬಾಯಿಪಾಠ ಬರುತ್ತದೆಂಬುದು ಎಥ್ಲಿನ್‌ಗೆ ಚೆನ್ನಾಗಿ ಗೊತ್ತಿತ್ತು.

ಮಾರಿಕೊಂಡನೇ? ಅಣ್ಣ ಪ್ರಾಣದಂತೆ ಕಾಪಾಡಿದ್ದನ್ನು ಯಾರದೋ ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕಿಡಲು ಕೊಟ್ಟನೇ? ಕೇಳಿಬಿಡಬೇಕೆನಿಸುತ್ತಿತ್ತು. ಕೇಳಿದ ಮೇಲೆ ಅದು ಸುಳ್ಳೆಂದಾದರೆ, ಆ ಮುಖವನ್ನು ಮತ್ತೆ ಹೇಗೆ ನೋಡುವುದು? ಮನೆಯಲ್ಲಿ ಮನಸ್ಸು ಹಗುರ ಮಾಡುವವರೆಂದರೆ ಹಿಂದಿನ ಕೋಣೆಯಲ್ಲಿ ಇಳಿದುಕೊಂಡಿದ್ದ ಇಬ್ಬರೇ: ರಾಜಧಾನಿ ಸಾನ್ ಹೊಸೆಯ ಕಿರೋಸ್ ಮತ್ತು ಅವನ ಗೆಳೆಯ ಫೌಸ್ಟೊ. ಮೀನುಗಳ ಚಿತ್ರ ತೆಗೆದು ಪುಸ್ತಕ ಮಾಡುತ್ತಿದ್ದೇವೆ ಎಂದಿದ್ದರು. ಒಳ್ಳೆಯ ಮಾತಿನವರು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ-ಕಾಳನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಹೊಗಳುವರು, ಹೆಡ್ಲಿಯ ಕಥೆಗಳನ್ನು ಬಾಯಿಬಿಟ್ಟು ಕೇಳುವರು. ಫಿರಂಗಿ ಹೋದ ಸುದ್ದಿ ಕೇಳಿ ಕಿರೋಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಛೆ, ಯಾರಮ್ಮ ಅಂಥ ಪಾಪಿ?" ಎಂದು ಮರುಗಿದ್ದ.

ಸೋಮವಾರ ಬೆಳಗ್ಗೆ ಸೆಲ್ವಿನ್ ಒಬ್ಬನೇ ದೋಣಿ ನೂಕಿಕೊಂಡು ಹೋಗುವುದನ್ನು ಎಥ್ಲಿನ್ ಅಡುಗೆಮನೆಯ ಕಿಟಕಿಯಿಂದ ಕಂಡಳು. ಅಂದು ಅತಿಥಿಗಳು ಯಾರೂ ಹೋಗುವುದಿರಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಕಾಡೂ ಕಡಲೂ ಸೇರಿದ ರಾಷ್ಟ್ರೀಯ ಉದ್ಯಾನದ ಕಾಲುದಾರಿ ಹಿಡಿದು ಹೊರಟಳು. ದಾರಿಯುದ್ದಕ್ಕೂ ನೀಲಿ ಏಡಿಗಳು ಬಿಲ ಸೇರುತ್ತಿದ್ದವು. ಮರಗಳ ಸಂದಿಯಲ್ಲಿ ಅವನ ದೋಣಿ ಕಾಣಿಸಿಕೊಂಡು ಮರೆಯಾಗುತ್ತಿತ್ತು. ತೊರೆ ಕಡಲಿಗೆ ಬೀಳುವಲ್ಲಿ ಅವನು ನಿಂತ, ಸುತ್ತ ನೋಡಿದ, ಮುಳುಗುವವರ ಗಾಜಿನ ಮುಖವಾಡ ಕಟ್ಟಿಕೊಂಡು ನೀರಿಗಿಳಿದ. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಮೇಲೆ ಬಂದು ದಂಡೆಗೆ ಹತ್ತಿದಾಗ ಎದುರಿಗೆ ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಯಾರಿಗೆ ಮಾರಿದೆ?"

ಸೆಲ್ವಿನ್ ಮುಖವಾಡ ಬಿಚ್ಚಿ ಮರಳಿನ ಮೇಲೆ ಕೂತ.

"ನಿನ್ನನ್ನೇ ಕೇಳ್ತಿರೋದು. ನಿಮ್ಮಣ್ಣನ ಫಿರಂಗೀನ ಯಾರಿಗೆ ಮಾರಿದೆ?"

"ನಿಮ್ಮ ಹಿಂದಿನ ಕೋಣೆಯೋರು ಹೇಗಿದ್ದಾರೆ, ಅತ್ತಿಗೆ? ಊಟ ಗೀಟ ಚೆನ್ನಾಗಿ ಮಾಡ್ತಿದ್ದಾರಾ?"

"ಮಾತು ತಿರುಗಿಸಬೇಡ."

"ತಿರುಗಿಸ್ತಿಲ್ಲ. ಅವರು ಮೇರಿ ಪಕ್ಕ ಟೇಪು ಹಿಡಿದು ಅಳೀತಿದ್ದದ್ದನ್ನ ಕಣ್ಣಾರೆ ಕಂಡೆ. ಭಾರ ಎತ್ತೋಕೆ ಗಾಳಿ ತುಂಬೋ ಚೀಲ ಇರುತ್ತಲ್ಲ, ಹಳದೀದು, ಅದನ್ನ ಕಟ್ಟಿ ನೋಡ್ತಿದ್ರು. ಮೀನಿನ ಫೋಟೋ ತೆಗೆಯೋರಿಗೆ ಅದ್ಯಾಕೆ? ಅದಕ್ಕೇ ನಾನೇ ಪೀಪಾಯಿ ಕಟ್ಟಿ, ಗಾಳಿ ತುಂಬಿ, ಎಳಕೊಂಡು ಬಂದು ಬೇರೆ ಕಡೆ ಹೂತಿಟ್ಟೆ."

ಅವಳೂ ಮರಳಿನ ಮೇಲೆ ಕೂತಳು.

"ನಂಗ್ಯಾಕೆ ಹೇಳ್ಲಿಲ್ಲ?"

ಅವನು ಕಡಲ ಕಡೆ ನೋಡುತ್ತ ಹೇಳಿದ. "ಒಂದಿನ ಮೀನು ಕೊಡೋಕೆ ಬಂದಿದ್ದೆ. ನೀವು ಅವರ ಮೇಜಿನ ಹತ್ರ ನಿಂತು ನಗ್ತಾ ಇದ್ರಿ. ಮೇರಿ ಎಲ್ಲಿದೆ, ಎಷ್ಟು ಆಳ, ಇಬ್ಬರು ಗಟ್ಟಿ ಗಂಡಸರಾದ್ರೆ ಎತ್ತಬಹುದು ಅಂತ ಅಣ್ಣ ಹೇಳ್ತಿದ್ದದ್ದು, ಎಲ್ಲಾ ಹೇಳ್ತಿದ್ರಿ."

ಅವಳಿಗೆ ನೆನಪಾಯಿತು. ಕಿರೋಸ್ ಎಷ್ಟು ಸಹಜವಾಗಿ ಕೇಳಿದ್ದ! ಗಂಡನ ಮಾತನ್ನು ಇಷ್ಟು ಆಸೆಯಿಂದ ಕೇಳುವವರು ಸಿಕ್ಕರೆಂದು ಅವಳು ಉಬ್ಬಿಹೋಗಿದ್ದಳು.

"ಅಂದ್ರೆ ನನ್ನ ಮೇಲೆ ಅನುಮಾನ ಪಟ್ಟೆ."

"ಹಾಗಲ್ಲ..." ಎಂದವನು ತಡೆದು, "ಹೌದು. ಪಟ್ಟೆ. ನೀವು?"

"ನಿನ್ನ ಹಿಂದೆ ಇಷ್ಟು ದೂರ ನಡಕೊಂಡು ಬಂದಿದ್ದೀನಲ್ಲ, ಗಾಳಿ ಸೇವನೆಗೆ ಅಂದ್ಕೊಂಡ್ಯಾ?"

ಇಬ್ಬರಿಗೂ ನಗು ಬರಲಿಲ್ಲ.

ಮನೆಗೆ ಬಂದವಳು ಸೆಲ್ವಿನ್‌ನ ಮಾತನ್ನೂ ಹಾಗೇ ನುಂಗಿಕೊಳ್ಳಲಿಲ್ಲ. ಕಿರೋಸ್ ಮತ್ತು ಫೌಸ್ಟೊ ಹೊರಗೆ ಹೋಗಿದ್ದರು. ಕಿಟಕಿಯ ಬಳಿ ಗುಡಿಸುವುದು ಬೇಡ, ಕ್ಯಾಮೆರಾ ಸಾಮಾನಿದೆ ಎಂದು ಅವರು ಹೇಳಿದ್ದ ಮೂಲೆಗೇ ನೇರವಾಗಿ ಹೋಗಿ ಚೀಲದ ಜಿಪ್ಪು ಎಳೆದಳು. ಹಳದಿ ಚೀಲಗಳು, ಅಗಲವಾದ ಪಟ್ಟಿಗಳು, ಕಬ್ಬಿಣದ ಕೊಂಡಿಗಳು. ಕ್ಯಾಮೆರಾ ಇರಲಿಲ್ಲ.

ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ತನ್ನ ಕೈಯ ಅನ್ನ ತಿನ್ನುತ್ತ ತನ್ನ ಗಂಡನ ನೆನಪನ್ನೇ ತೂಗಿ ನೋಡಿದರಲ್ಲ! ಓಡಿಸಿಬಿಡಬಹುದಿತ್ತು. ಆದರೆ ಓಡಿಸಿದರೆ ಬೇರೆ ದೋಣಿ, ಬೇರೆ ಹೆಸರು ಹಿಡಿದು ಮತ್ತೆ ಬರುವುದಿಲ್ಲವೆಂದು ಯಾರು ಕಂಡರು? ಡ್ರುಸಿಲಾಳ ಹಿರಿಮಗ ಒರ್ವಿಲ್ ಉದ್ಯಾನದ ಕಾವಲುಗಾರ. ಅವನನ್ನು ಕರೆಸಿ ಮಾತಾಡಿದಳು. ಆಮೇಲೆ ಶುಂಠಿ ಪಾನಕ ಮಾಡಿ, ಊಟಕ್ಕೆ ಬಂದ ಅತಿಥಿಗಳ ಮುಂದಿಟ್ಟಳು.

"ನಮ್ಮ ಫಿರಂಗಿ ಎಲ್ಲೂ ಹೋಗಿಲ್ಲವಂತೆ" ಎಂದಳು. ಜಗ್ಗಿನಿಂದ ಅವರ ಲೋಟ ತುಂಬಿದಳು. "ಅಲೆಗೆ ಉರುಳಿ ಹವಳದ ದಿಬ್ಬದ ಉತ್ತರದ ಕಂಡಿಯಲ್ಲಿ ಸಿಕ್ಕಿಹಾಕ್ಕೊಂಡಿದೆಯಂತೆ. ಸೆಲ್ವಿನ್ ಕಂಡನಂತೆ. ಯಾರಿಗೂ ಹೇಳಬೇಡಿ ಮತ್ತೆ."

ಫೌಸ್ಟೊ ಪಾನಕ ಕುಡಿಯುತ್ತಲೇ ಕಿರೋಸ್‌ನ ಕಡೆ ಒಂದು ಗಳಿಗೆ ನೋಡಿದ. ಎಥ್ಲಿನ್‌ಗೆ ಅಷ್ಟೇ ಸಾಕಾಗಿತ್ತು.

ಮಾರನೆಯ ದಿನ ಉತ್ತರದ ಕಂಡಿಯಲ್ಲಿ ಕಾವಲುಗಾರರ ದೋಣಿ ಅವರನ್ನು ಹಿಡಿದಾಗ ಹಳದಿ ಚೀಲಗಳು ನೀರಿನಲ್ಲೇ ಇದ್ದವು. ಉದ್ಯಾನದ ನೀರಿನಲ್ಲಿ ಅಂಥ ಸಾಮಾನು ಇಳಿಸುವುದೇ ಅಪರಾಧ. ಸಾಮಾನೆಲ್ಲ ಜಪ್ತಿಯಾಯಿತು, ಇಬ್ಬರನ್ನೂ ಲಿಮೋನ್ ಪಟ್ಟಣಕ್ಕೆ ಕರೆದೊಯ್ದರು. ಜೀಪು ಹತ್ತುವ ಮೊದಲು ಕಿರೋಸ್ ಅವಳನ್ನು ನೋಡಿ, "ನಿಮ್ಮನ್ನ ತಾಯಿ ಹಾಗೆ ಅಂದ್ಕೊಂಡಿದ್ದೆ, ಸೆನ್ಯೋರಾ" ಎಂದ.

"ತಾಯಿಯಾಗಿದ್ರೆ ಎರಡು ಬಿಗಿದು ಕಳಿಸ್ತಿದ್ದೆ" ಎಂದಳು ಅವಳು.

ಡ್ರುಸಿಲಾ ಆ ಮಧ್ಯಾಹ್ನ ಬೇಲಿಯ ಹತ್ತಿರ ಸುಳಿಯಲಿಲ್ಲ. ಎಥ್ಲಿನ್ ಬಕೆಟ್ಟು ಬ್ರಷ್ಷು ಹಿಡಿದು ಯುರ್ಗನ್‌ನ ಅಂಗಡಿಗೆ ಹೋದಳು. ಅವನು ಬಹುಮಟ್ಟಿಗೆ ತಾನೇ ತೊಳೆದುಕೊಂಡಿದ್ದ. ಉಳಿದಿದ್ದ ಅಂಚುಗಳನ್ನು ಅವಳು ಉಜ್ಜಿದಳು. ಅವನು ತಡೆಯಲೂ ಇಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ.

ವಾರ ಕಳೆದ ಮೇಲೆ ಅವಳು ಸೆಲ್ವಿನ್‌ನನ್ನು ಕೇಳಿದಳು. "ಎಲ್ಲಿಟ್ಟಿದ್ದೀಯ, ತೋರಿಸು."

"ನಿಮಗ್ಯಾಕೆ ಆ ತೊಂದರೆ, ಅತ್ತಿಗೆ? ಅಲ್ಲೇ ಇರುತ್ತೆ ಬಿಡಿ."

"ತೋರಿಸು ಅಂದೆ."

ಅವನು ಗೊಣಗುತ್ತಲೇ ಕರೆದುಕೊಂಡು ಹೋದ. ಹೆಡ್ಲಿ ಸತ್ತ ಮೇಲೆ ಎಥ್ಲಿನ್ ಕಡಲಿಗೆ ಇಳಿದಿರಲಿಲ್ಲ. ಅವಳು ನಿರೀಕ್ಷಿಸಿದ್ದ ತೊರೆಯ ಬಾಯನ್ನು ದಾಟಿ ದೋಣಿ ಮುಂದೆ ಹೋಯಿತು. ಅಲ್ಲಿಗೆ ಅವನು ಅಂದು ಯಾಕೆ ಬಂದಿದ್ದ ಎಂದು ಕೇಳಿದಳು. ಯಾರಾದರೂ ಹಿಂಬಾಲಿಸಿದರೆ ದಾರಿ ತಪ್ಪಲಿ ಅಂತ, ಎಂದ. ದೋಣಿ ನಿಂತ ಕಡೆ ಅವಳು ಮುಖವಾಡ ಕಟ್ಟಿಕೊಂಡು ಇಳಿದಳು. ನೀರು ಬೆಚ್ಚಗಿತ್ತು, ತಿಳಿಯಾಗಿತ್ತು. ಕೆಳಗೆ ಎತ್ತ ನೋಡಿದರೂ ಸಮತಟ್ಟಾದ ಬಿಳಿ ಮರಳು, ಅದರ ಮೇಲೆ ಸೂರ್ಯನ ಬೆಳಕಿನ ಗೆರೆಗಳು. ಒಂದು ಚಪ್ಪಟೆ ತೊರಕೆ ಮೀನು ಮರಳು ಕೊಡವಿಕೊಂಡು ಹಾರಿಹೋಯಿತು. ಮುಳುಗಿ ಒಂದು ಕಡೆ ಕೈಯಿಂದ ತೋಡಿದಳು. ಮರಳು ಮತ್ತೆ ಮತ್ತೆ ಜಾರಿ ಗುಂಡಿ ತುಂಬಿತು. ಉಸಿರು ಸಾಲದೆ ಮೇಲೆ ಬಂದಳು.

"ಏನೂ ಇಲ್ವಲ್ಲೋ!"

"ಕಾಣೋ ಹಾಗಿದ್ರೆ ಹೂತಿಟ್ಟು ಏನು ಬಂತು? ನೀವು ಕೈ ಹಾಕಿದ ಜಾಗದಿಂದ ಸ್ವಲ್ಪ ಎಡಕ್ಕೆ. ಇನ್ನೂ ಆಳ. ಮತ್ತೆ ಹೋಗ್ತೀರಾ?"

ಎಥ್ಲಿನ್ ದೋಣಿಯ ಅಂಚು ಹಿಡಿದು ತೇಲುತ್ತ ಅವನ ಮುಖವನ್ನೇ ನೋಡಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಆ ಕಣ್ಣಿನಲ್ಲಿ ಏನಿದೆಯೆಂದು ತಿಳಿಯುವಂತಿರಲಿಲ್ಲ. ಎದೆ ಇನ್ನೂ ಏರಿಳಿಯುತ್ತಿತ್ತು. ಇನ್ನೊಮ್ಮೆ ಮುಳುಗುವ ಶಕ್ತಿ ಇತ್ತೋ ಇಲ್ಲವೋ, ಅವಳು ಕೈ ಚಾಚಿದಳು.

"ಎಳಕೋ ಮೇಲಕ್ಕೆ."

ಅವನು ಅವಳನ್ನು ದೋಣಿಗೆ ಎಳೆದುಕೊಂಡ. ಟವೆಲ್ ಕೊಡುತ್ತ ಮೆಲ್ಲಗೆ ಕೇಳಿದ, "ನಂಬಿದ್ರಾ?"

"ಇವತ್ತಿಗೆ ನಂಬಿದ್ದೀನಿ" ಎಂದಳು ಎಥ್ಲಿನ್. "ಸದ್ಯ ಇಂಜಿನ್ ಹಚ್ಚು. ಒಲೆ ಮೇಲೆ ಬೇಳೆಕಾಳು ಇಟ್ಟು ಬಂದಿದ್ದೀನಿ, ತಳ ಹಿಡಿಯುತ್ತೆ."