ಕಪಾಟಿನೊಳಗಿನ ತ್ರಿಕೋನ

ಅಳಿಯನ ಪ್ಯಾಂಟಿನ ಮೊಣಕಾಲಿಗೆ ಮೂರನೇ ಸಲ ಸೋಪು ತಿಕ್ಕುತ್ತಿದ್ದೆ. ಚರಂಡಿಯ ಕೆಸರು, ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಅಳಿಯ ಬಟ್ಟೆ ಕಾರ್ಖಾನೆಯ ವ್ಯಾನ್ ಓಡಿಸುತ್ತಾನೆ. ನನ್ನ ಮಗಳೂ ಅದರಲ್ಲೇ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅಂದು ಬೆಳಿಗ್ಗೆ ರಸ್ತೆಯ ತಿರುವಿನಲ್ಲೇ ವ್ಯಾನ್ ಕೆಟ್ಟು ನಿಂತಿತು. ಕೆಟ್ಟ ಗಾಡಿಯ ಹಿಂದೆ, ದೂರದಿಂದಲೇ ಕಾಣುವಂತೆ ಇಡಬೇಕಾದ ಕೆಂಪು ತ್ರಿಕೋನ ಅದರಲ್ಲಿರಲಿಲ್ಲ. ಎಂಟು ವ್ಯಾನಿಗೆ ಇರುವುದೇ ಒಂದು. ಅದೂ ಮಾಲೀಕನ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಭದ್ರ. ತಪಾಸಣೆಯ ದಿನ ಮಾತ್ರ ವ್ಯಾನಿನಿಂದ ವ್ಯಾನಿಗೆ ಮೆರವಣಿಗೆ ಹೋಗಿ ಬರುತ್ತದೆ.

ಅಳಿಯ ಹೆಂಗಸರನ್ನೆಲ್ಲ ಇಳಿಸಿ, ರಸ್ತೆಯಂಚಿನ ಕಬ್ಬಿಣದ ತಡೆಯ ಆಚೆಗೆ, ವ್ಯಾನಿನಿಂದ ದೂರ ನಿಲ್ಲಿಸಿದ. ತಾನು ತಿರುವಿನ ಹಿಂದಕ್ಕೆ ಓಡಿ, ಮಗಳ ಕೆಂಪು ದುಪಟ್ಟಾ ಬೀಸುತ್ತ ನಿಂತ. ಹಿಂದಿನಿಂದ ಬಂದ ಲಾರಿಯವನು ನೋಡಿ ಬ್ರೇಕ್ ಒತ್ತುವಷ್ಟರಲ್ಲಿ ಹೊತ್ತು ಮೀರಿತ್ತು. ಅಳಿಯ ಚರಂಡಿಗೆ ಹಾರಿದ. ಲಾರಿ ಖಾಲಿ ವ್ಯಾನಿನ ಹಿಂಭಾಗವನ್ನು ಅಪ್ಪಚ್ಚಿ ಮಾಡಿತು.

ಮಾಲೀಕ ಬಂದ. ಯಾರಿಗಾದರೂ ಏನಾದರೂ ಆಯಿತೇ ಎನ್ನಲಿಲ್ಲ. ಕಪಾಟಿನ ತ್ರಿಕೋನ ತರಿಸಿ, ಕವರು ಬಿಚ್ಚಿಸಿ, ಜಜ್ಜಿಹೋದ ವ್ಯಾನಿನ ಹಿಂದೆ ನಿಲ್ಲಿಸಿ ಫೋಟೊ ತೆಗೆಸಿದ! ಅದು ಮೊದಲೇ ಅಲ್ಲಿತ್ತು ಎಂದು ಅಳಿಯ ನಾಳೆ ಸಹಿ ಹಾಕಬೇಕಂತೆ.

"ಹಾಕ್ತೀರಾ?" ಎಂದೆ.

"ಹಾಕದಿದ್ರೆ ಕೆಲಸ ಹೋಗುತ್ತೆ ಅತ್ತೆ."

"ಹಾಕಿದ್ರೆ ನಾಳೆ ಅದೇ ತಿರುವಲ್ಲಿ ಇನ್ನೊಂದು ವ್ಯಾನು. ಆ ತ್ರಿಕೋನಕ್ಕೇನು ಕಪಾಟಲ್ಲಿ ಬಾಣಂತನ ಮಾಡ್ತಿದ್ದಾನಾ ಅವನು?"

ಮಗಳು ನಕ್ಕಳು, ನಗುತ್ತಲೇ ಅತ್ತುಬಿಟ್ಟಳು.

ಹಿಂದೆ ನಾನು ಓದು ಬರಹ ಕಲಿಯಲು ಹೋಗುತ್ತಿದ್ದ ರಾತ್ರಿ ಶಾಲೆಯಲ್ಲಿ 'ಅಧಿಕಾರಿಗೊಂದು ಪತ್ರ ಬರೆಯಿರಿ' ಎಂದಾಗ ಎಲ್ಲರೂ ಬೀದಿ ದೀಪದ ಬಗ್ಗೆ ಬರೆದಿದ್ದರು. ನಾನು ಸಾರಿಗೆ ಕಚೇರಿಗೆ, ಈ ತ್ರಿಕೋನದ ಬಗ್ಗೆ ಬರೆದಿದ್ದೆ. ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟರು. "ಕಳಿಸಬೇಡಮ್ಮ, ಇವರ ಕೆಲಸಕ್ಕೆ ಕುತ್ತು" ಎಂದು ಮಗಳು ಬೇಡಿಕೊಂಡಳೆಂದು ಎರಡು ವರ್ಷ ಟ್ರಂಕಿನಲ್ಲೇ ಇಟ್ಟಿದ್ದೆ. ಅವನು ಕಪಾಟಿನಲ್ಲಿ, ನಾನು ಟ್ರಂಕಿನಲ್ಲಿ! ನನ್ನ ಮೇಲೆ ನನಗೇ ಮೈ ಉರಿಯಿತು.

ಕೈ ಒರೆಸಿಕೊಂಡು ಕಾಗದ ತೆಗೆದೆ. ಬೆಳಗಿನ ಸಂಗತಿಯನ್ನು ಕೆಳಗೆ ಸೇರಿಸಿದೆ.

"ಮೇಷ್ಟ್ರ ಕೆಂಪು ಶಾಯಿ ಇದೆಯಲ್ಲಮ್ಮ, ಬೇರೆ ಹಾಳೆಗೆ ಬರೆದುಕೊಡ್ಲಾ?" ಎಂದಳು ಮಗಳು.

"ಬೇಡ. ಹಳೇ ತಾರೀಖೂ ಹಾಗೇ ಇರಲಿ. ಎರಡು ವರ್ಷದಿಂದ ನಡೀತಿದೆ ಅಂತ ಅವರಿಗೂ ಗೊತ್ತಾಗಲಿ."

ಅಳಿಯ ಪೆನ್ನಿಗೆ ಕೈ ಚಾಚಿದ.

"ಹೇಗೂ ಸಹಿ ಹಾಕ್ಲೇಬೇಕಲ್ಲ ಅತ್ತೆ, ಇಲ್ಲೇ ಹಾಕ್ತೀನಿ."

ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಯಲು ಬಿಟ್ಟು ಮೂವರೂ ಬೀದಿ ಮೂಲೆಗೆ ಹೋದೆವು. ಕಾಗದವನ್ನು ಅಂಚೆಪೆಟ್ಟಿಗೆಯೊಳಗೆ ಹಾಕಿದೆ. ತಳಕ್ಕೆ ಬಿತ್ತೋ ಇಲ್ಲವೋ ಎಂದು ಪೆಟ್ಟಿಗೆಗೊಂದು ಗುದ್ದನ್ನೂ ಕೊಟ್ಟೆ.