ತಳದ ಗೆರೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕೆಸರಮ್ಮ ಎನ್ನುತ್ತಿದ್ದರು. ಮೊದಮೊದಲು ಹಾಗೆ ಕರೆದರೆ ಮುಖ ಗಂಟಿಕ್ಕುತ್ತಿದ್ದವಳು, ಬರಬರುತ್ತ ಫೋನ್ ಎತ್ತಿ ತಾನೇ "ಕೆಸರಮ್ಮ ಮಾತಾಡ್ತಿರೋದು" ಎನ್ನುವಷ್ಟು ಹಳಬಳಾದಳು. ಕೆಲಸವೂ ಅಂಥದ್ದೇ. ಕೊಲ್ಲಿಯ ನೀರಿನಲ್ಲಿ ಎಷ್ಟು ಕೆಸರು ತೇಲುತ್ತಿದೆಯೆಂದು ಅಳೆಯಬೇಕು, ದಿನಾ ಒಂದು ಅಂಕಿ ಕೊಡಬೇಕು.

ಅಳೆಯುವ ಯಂತ್ರ ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಕೆಳಮುಖವಾಗಿ ನೇತಾಡುತ್ತಿತ್ತು. ನಮ್ಮ ಕಿವಿಗೆ ಕೇಳಿಸದ ಸದ್ದನ್ನು ಅದು ಕೆಳಕ್ಕೆ ಬಿಡುತ್ತದೆ, ಕಣಗಳಿಗೆ ತಾಗಿ ಮರಳಿದ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಮರುದನಿ ಜೋರಾದರೆ ಕೆಸರು ಹೆಚ್ಚು, ಮೆಲ್ಲಗಾದರೆ ಕಡಿಮೆ. ಕಂಪ್ಯೂಟರಿನಲ್ಲಿ ಇದೆಲ್ಲ ಬಣ್ಣಬಣ್ಣವಾಗಿ ಮೂಡುತ್ತದೆ. ಎಲ್ಲಕ್ಕೂ ಕೆಳಗೆ, ಸಮುದ್ರದ ತಳಕ್ಕೆ ತಾಗಿ ಬಂದ ಮರುದನಿಯದು ಒಂದು ದಪ್ಪ ಕೆಂಪು ಗೆರೆ. ಅದನ್ನೂ ಸೇರಿಸಿದರೆ ಸರಾಸರಿ ಕೆಡುತ್ತದೆಂದು ಗೆರೆಯನ್ನು ಮೊದಲೇ ಕತ್ತರಿಸಿ ಹಾಕುವುದು ಕಚೇರಿಯ ರೂಢಿ. ಕತ್ತರಿಸಿದ್ದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಕ್ಷೌರ ಮಾಡಿಸಿಕೊಂಡು ಎದ್ದವನು ಅಂಗಡಿಯ ನೆಲ ನೋಡುತ್ತಾನೆಯೇ?

ಅವಳ ಅಕ್ಕ ಅದೇ ಕೊಲ್ಲಿಯಲ್ಲಿ ಹಗ್ಗಗಳನ್ನು ಇಳಿಬಿಟ್ಟು ಕಪ್ಪೆಚಿಪ್ಪು ಬೆಳೆಸುತ್ತಿದ್ದಳು. ಬಂದರಿನ ದಾರಿಯನ್ನು ಆಳ ಮಾಡಲು ಹೂಳೆತ್ತುವ ಹಡಗು ಬಂದಂದಿನಿಂದ ಅಕ್ಕನಿಗೆ ನೆಮ್ಮದಿಯಿಲ್ಲ. ನೀರು ಕೆಸರಾದರೆ ಚಿಪ್ಪುಗಳು ಬಾಯಿ ಮುಚ್ಚಿಕೊಂಡು ಉಪವಾಸ ಸಾಯುತ್ತವೆ. ಕೆಸರು ಮಿತಿ ಮೀರಿದರೆ ಹಡಗು ನಿಲ್ಲಿಸಬೇಕೆಂಬ ಕರಾರೇನೋ ಇತ್ತು. ಮೀರಿತೆಂದು ಹೇಳಬೇಕಾದವಳು ತಂಗಿ.

ಮೊದಲ ಕೆಲವು ದಿನ ಅಂಕಿ ಏರಿತು. ಮಿತಿ ಮುಟ್ಟುವ ಮೊದಲೇ ಇಳಿಯತೊಡಗಿತು.

"ಕಡಿಮೆ ಆಗ್ತಾ ಇದೆ ಅಕ್ಕ," ಎಂದಳು ಕೆಸರಮ್ಮ ಫೋನಿನಲ್ಲಿ.

"ಹಾಗಾದ್ರೆ ನನ್ನ ಚಿಪ್ಪು ಯಾಕೆ ಸಾಯ್ತಾ ಇವೆ? ಒಂದ್ಸಲ ಬಂದು ಕಣ್ಣಾರೆ ನೋಡೇ."

"ಕಣ್ಣಿಗೆ ಕಾಣೋದು ಮೇಲಿನ ನೀರು ಮಾತ್ರ. ಯಂತ್ರ ಕೆಳಗಿನವರೆಗೂ ನೋಡುತ್ತೆ. ಅದಕ್ಕೆ ಹಡಗಿನವರೂ ಒಂದೇ, ನೀನೂ ಒಂದೇ."

ಸತ್ಯ ಹೇಳುತ್ತಿದ್ದೇನೆಂಬ ಹುಮ್ಮಸ್ಸಿನಲ್ಲಿ ಜನ ಎಂಥೆಂಥ ಮಾತಾಡುತ್ತಾರೆ ನೋಡಿ. ಅಕ್ಕ ಅವತ್ತು ಬೈದಳು, ಮರುದಿನ ಫೋನ್ ಮಾಡಿ ಮತ್ತೆ ಬೈದಳು. ಆಮೇಲೆ ಬೈಗುಳ ಕಡಿಮೆಯಾಗಿ, ಕೊನೆಗೆ ಫೋನೇ ನಿಂತಿತು. ಅಂತೂ ತಣ್ಣಗಾದಳಲ್ಲ ಎಂದು ಕೆಸರಮ್ಮನಿಗೆ ಹಾಯೆನಿಸಿತು.

ಹಡಗಿನ ಪರವಾನಗಿ ಮುಂದುವರಿಸುವ ಸಭೆಯ ದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿದರು.

"ನಿಮ್ಮಕ್ಕ ಹಗ್ಗ ಎಲ್ಲಾ ಮೇಲಕ್ಕೆ ಎಳೀತಾ ಇದಾಳೆ. ಈ ಕಸುಬೇ ಬೇಡವಂತೆ. ನಿನಗೆ ಹೇಳಲಿಲ್ವಾ?"

"ಇಲ್ಲಮ್ಮ. ಸುಮ್ನಿದ್ದಳಲ್ಲ, ಸಮಾಧಾನ ಆಗಿರಬೇಕು ಅಂದ್ಕೊಂಡೆ."

"ಅವಳು ಸುಮ್ನಾದ್ರೆ ಸಮಾಧಾನ ಅಂತ ಯಾರು ಹೇಳಿದ್ರು ನಿನಗೆ? ಚಿಕ್ಕಂದಿನಿಂದ ನೋಡ್ತಾ ಇಲ್ವಾ?"

ಫೋನಿಟ್ಟ ಕೆಸರಮ್ಮ ಕಂಪ್ಯೂಟರಿನ ಮುಂದೆ ಕುಳಿತಳು. ಕೈಗೆ ಕೆಲಸ ಹತ್ತಲಿಲ್ಲ. ಏನಾದರೂ ಸರಿ, ಕತ್ತರಿಸದ ಪೂರ್ತಿ ಚಿತ್ರವನ್ನೊಮ್ಮೆ ನೋಡೋಣವೆಂದು ತೆರೆದಳು. ಮೊದಲ ದಿನಗಳಲ್ಲಿ ತಳದ ಗೆರೆ ದಪ್ಪಗೆ, ಕೆಂಪಗೆ ಇತ್ತು. ಬರಬರುತ್ತ ತೆಳುವಾಯಿತು. ಈಗ ಹುಡುಕಿದರೂ ಇಲ್ಲ.

ನೀರು ತಿಳಿಯಾಗಿದ್ದರೆ ತಳ ಇನ್ನಷ್ಟು ಗಟ್ಟಿಯಾಗಿ ಕೇಳಿಸಬೇಕಿತ್ತು. ಸಮುದ್ರದ ತಳ ಎದ್ದು ಎಲ್ಲಿಗೆ ಹೋಗುತ್ತದೆ? ಕೆಸರು ಎಷ್ಟು ದಟ್ಟವಾಗಿತ್ತೆಂದರೆ ಬಿಟ್ಟ ಸದ್ದನ್ನೆಲ್ಲ ನಡುದಾರಿಯಲ್ಲೇ ನುಂಗಿಹಾಕುತ್ತಿತ್ತು. ಕೆಳಗಿನಿಂದ ಏನೂ ಮರಳದೆ ಸರಾಸರಿ ಇಳಿಯುತ್ತಿತ್ತು. ಇಳಿದ ಅಂಕಿಯನ್ನು ಅವಳು ಒಳ್ಳೆಯ ಸುದ್ದಿಯೆಂದು ದಿನಾ ಹಂಚಿದ್ದಳು.

ದೋಣಿ ಹತ್ತಿ ಹೋಗಿ, ಆಳದಿಂದ ಒಂದು ಬಾಟಲಿ ನೀರು ತಂದು ಸೋಸಿದಳು. ಅರ್ಧ ಬಾಟಲಿಗೇ ಸೋಸುವ ಕಾಗದ ಕಟ್ಟಿಕೊಂಡಿತು. ಆ ಕಾಗದವನ್ನೇ ಹಿಡಿದು ಸಭೆಗೆ ಹೋದಳು.

ಮೇಲಧಿಕಾರಿ ಅವಳನ್ನು ಬದಿಗೆ ಕರೆದರು. "ಯಂತ್ರ ಕೆಟ್ಟಿತ್ತು ಅಂದ್ಬಿಡೋಣ. ನಿಮಗೂ ಒಳ್ಳೇದು."

"ಯಂತ್ರ ಸರಿಯಾಗೇ ಹೇಳಿದೆ ಸಾರ್. ಹೇಳಿದ್ದನ್ನ ಕತ್ತರಿಸಿ ಹಾಕಿದವಳು ನಾನು."

ಹಾಗೆಂದೇ ಸಭೆಯಲ್ಲೂ ಹೇಳಿದಳು. ಕೆಲವರು ಮುಖ ಮುಖ ನೋಡಿಕೊಂಡರು, ಒಬ್ಬರು ನಕ್ಕರು. ಮಧ್ಯಾಹ್ನ ಹಡಗು ನಿಂತಿತು. ನಾಳೆಯಿಂದ ಅವಳ ಅಂಕಿಯನ್ನು ಯಾರು ನಂಬುತ್ತಾರೋ ಗೊತ್ತಿರಲಿಲ್ಲ. ಆದರೆ ಅವಳಿಗೆ ಭಯವಿದ್ದದ್ದು ಅಕ್ಕನೊಬ್ಬಳದೇ.

ಅಕ್ಕ ದಡದಲ್ಲಿ ಕೂತು ಸತ್ತ ಚಿಪ್ಪುಗಳನ್ನು ಚಾಕುವಿನಿಂದ ಕೆರೆದು ಹಗ್ಗ ಬಿಡಿಸುತ್ತಿದ್ದಳು. ಅರ್ಧ ಹಗ್ಗಗಳು ಬರಿದಾಗಿ ಸುರುಳಿ ಬಿದ್ದಿದ್ದವು. ಉಳಿದರ್ಧ ಇನ್ನೂ ನೀರಿನಲ್ಲಿದ್ದವು.

"ಹಡಗು ನಿಂತಿದೆ ಅಕ್ಕ. ನೀನು ಹೇಳಿದ್ದೇ ನಿಜ. ತಪ್ಪು ನನ್ನದು," ಎಂದು ಕೆಸರಮ್ಮ ನಡೆದದ್ದನ್ನೆಲ್ಲ ಹೇಳಿದಳು.

ಅಕ್ಕ ತಲೆಯೆತ್ತಲಿಲ್ಲ. ಚಾಕು ಮಾತ್ರ ಆಡುತ್ತಿತ್ತು. ಆ ಮೌನ ಕೆಸರಮ್ಮನಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಅನ್ನು ಅಕ್ಕ. ಬೈಯಾದ್ರೂ ಬೈಯಿ."

ಆಗ ಅಕ್ಕ ಶುರು ಮಾಡಿದಳು. ಚಿಪ್ಪಿನಿಂದ ಹಿಡಿದು ಹಗ್ಗಕ್ಕೆ, ಹಗ್ಗದಿಂದ ಫೋನಿನ ಮಾತಿಗೆ, ಅಲ್ಲಿಂದ ಚಿಕ್ಕಂದಿನಲ್ಲಿ ತಂಗಿ ಕಳೆದುಹಾಕಿದ ಛತ್ರಿಯವರೆಗೆ ಒಂದನ್ನೂ ಬಿಡಲಿಲ್ಲ. ಕೆಸರಮ್ಮ ಒಂದು ಬುಟ್ಟಿಯನ್ನು ಬೋರಲು ಹಾಕಿ ಕುಳಿತು, ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡಳು. ಅಕ್ಕ ಉಸಿರೆಳೆದುಕೊಳ್ಳಲು ನಿಂತಾಗ ಮೆಲ್ಲಗೆ ಕೇಳಿದಳು:

"ಇನ್ನೂ ಇದೆಯಾ?"

"ಇದೆ," ಎಂದಳು ಅಕ್ಕ. "ಆ ಇನ್ನೊಂದು ಚಾಕು ತಗೋ. ಕೆಲಸ ಮಾಡ್ತಾ ಕೇಳು."